ಚರಕದ ದಾರ, ಕಾರಿನ ಬೆಲ್ಟು

ಹೆಂಗಸರಿಗೂ ಯಂತ್ರಕ್ಕೂ ಏನು ಸಂಬಂಧ ಎಂದು ಕೇಳುವವರು ಇಂದಿಗೂ ಇದ್ದಾರೆ. ಅವರಿಗೆ ಉತ್ತರ ನಮ್ಮ ಕಲಬುರಗಿಯ ಇತಿಹಾಸದಲ್ಲೇ ಇದೆ. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡವನು ಅಲಾವುದ್ದೀನ್ ಬಹಮನ್ ಷಾ. ಅವನ ಆಶ್ರಯದಲ್ಲಿದ್ದ ಇಸಾಮಿ ಎಂಬ ಕವಿ 1350ರಲ್ಲಿ ‘ಫುತೂಹ್-ಉಸ್-ಸಲಾತೀನ್’ ಎಂಬ ಪರ್ಷಿಯನ್ ಇತಿಹಾಸ ಕಾವ್ಯವನ್ನು ಮುಗಿಸಿದ. 1236ರಿಂದ 1240ರವರೆಗೆ ದೆಹಲಿಯನ್ನಾಳಿದ ರಜಿಯಾ ಸುಲ್ತಾನಳ ವಿಷಯ ಬಂದಾಗ, ಹೆಣ್ಣಿಗೆ ಸಿಂಹಾಸನವೇಕೆ, ಅವಳು ಚರಕದ ಮುಂದೆ ಕೂತರೆ ಸಾಕು ಎಂಬರ್ಥದ ಮಾತನ್ನು ಅವನು ಬರೆದಿದ್ದಾನೆ. ಭಾರತದಲ್ಲಿ ಚರಕದ ಬಳಕೆಯನ್ನು ಸ್ಪಷ್ಟವಾಗಿ ತೋರಿಸುವ ಮೊದಮೊದಲ ಉಲ್ಲೇಖವಿದು ಎಂದು ಇತಿಹಾಸಕಾರ ಇರ್ಫಾನ್ ಹಬೀಬರು ಗುರುತಿಸಿದರು.

ಇಸಾಮಿ ಆಡಿದ್ದು ಹೀಯಾಳಿಕೆಯ ಮಾತು. ಆದರೆ ಚರಕವೆಂದರೇನು? ಒಂದು ದೊಡ್ಡ ಗಾಲಿ, ಒಂದು ಸಣ್ಣ ಕದಿರು, ಎರಡನ್ನೂ ಬಳಸಿ ಸುತ್ತುವ ಒಂದು ಹುರಿ. ದೊಡ್ಡದು ಒಂದು ಸುತ್ತು ತಿರುಗುವಷ್ಟರಲ್ಲಿ ಸಣ್ಣದು ಹತ್ತಾರು ಸುತ್ತು ತಿರುಗಿರುತ್ತದೆ. ಇಂದಿನ ಎಂಜಿನಿಯರರು ಬೆಲ್ಟ್ ಡ್ರೈವ್ ಎನ್ನುವುದು ಇದನ್ನೇ. ಗಾಲಿ ಮತ್ತು ಕದಿರು ಒಂದೇ ನೇರದಲ್ಲಿ ಇರದಿದ್ದರೆ ಹುರಿ ಜಾರುತ್ತದೆ, ಸವೆಯುತ್ತದೆ, ಕೂಗುತ್ತದೆ. ನೂಲುವವಳಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವಳ ಕಿವಿಗೇ ಅದು ತಿಳಿಯುತ್ತಿತ್ತು.

ಚರಕದ ನಂತರ ಈ ಪಟ್ಟಿ ಎಲ್ಲೆಲ್ಲಿಗೆ ಹೋಯಿತೆಂದು ನೋಡಿ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಕ್ಕೆ ಚರ್ಮದ ಬೆಲ್ಟಾಗಿ ಬಂತು. ಊರ ಹಿಟ್ಟಿನ ಗಿರಣಿಯಲ್ಲಿ ಅಂಗೈಯಗಲದ ಪಟ್ಟಿಯಾಗಿ ಪಟಪಟ ಬಡಿಯಿತು. ಜೋಳದ ಬುಟ್ಟಿ ಹೊತ್ತು ಸರದಿಗೆ ನಿಂತ ನಮ್ಮ ತಾಯಂದಿರು ಆ ಪಟ್ಟಿ ಒಂದು ಪಕ್ಕಕ್ಕೆ ಸರಿಯುವುದನ್ನು ಎಷ್ಟು ಸಲ ನೋಡಿಲ್ಲ! 1917ರಲ್ಲಿ ಅಮೆರಿಕದ ಡೆನ್ವರಿನ ಜಾನ್ ಗೇಟ್ಸ್ ರಬ್ಬರಿನ ‘ವಿ’ ಆಕಾರದ ಬೆಲ್ಟನ್ನು ರೂಪಿಸಿದ. ಪುಲಿಯ ಗಾಡಿಯೊಳಗೆ ಬೆಣೆಯಂತೆ ಕೂತು, ಎರಡೂ ಪಕ್ಕಗಳಿಂದ ಹಿಡಿದುಕೊಳ್ಳುವುದು ಅದರ ಗುಣ. ಮೋಟಾರು ಗಾಡಿಗಳಿಗೆ ಅದೇ ಒಗ್ಗಿತು. 2014ರವರೆಗೆ ತಯಾರಾದ ಅಂಬಾಸಡರ್ ಆಗಲಿ, ಅದರ ಜೊತೆಯ ಪ್ರೀಮಿಯರ್ ಪದ್ಮಿನಿಯಾಗಲಿ, ಆ ಕಾಲದ ಕಾರುಗಳಲ್ಲಿ ಫ್ಯಾನು, ನೀರಿನ ಪಂಪು, ಡೈನಮೋ ಮೂರೂ ಸಾಮಾನ್ಯವಾಗಿ ಒಂದೇ ಬೆಲ್ಟಿಗೆ ಕೊರಳು ಕೊಟ್ಟಿದ್ದವು. ಬೆಲ್ಟು ಹರಿದರೆ ಮೂರೂ ನಿಂತವು. ನಮ್ಮ ಬಿಸಿಲುನಾಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಹಾಗಾದರೆ ಎಂಜಿನ್ ಕುದಿಯಲು ಎಷ್ಟು ಹೊತ್ತು ಬೇಕು?

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿದೆ ಕಡಗಂಚಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲೇ ನೆಲೆಗೊಂಡ ಮೇಲೆ ಈ ದಾರಿಯಲ್ಲಿ ಹೊಸ ಕಾರುಗಳಿಗೇನೂ ಕಡಿಮೆಯಿಲ್ಲ. ಆದರೂ ನಾನು ಓಡಾಡುತ್ತಿದ್ದುದು ಮಾವನವರ ಕಾಲದ ಹಳೆಯ ಕಾರಿನಲ್ಲಿ. ಡೈನಮೋ ರಿಪೇರಿಯಾಗಿ ಬಂದ ಮೇಲೆ ಅದರ ಬಾನೆಟ್ಟಿನಿಂದ ಗುಬ್ಬಿ ಚಿಲಿಪಿಲಿಗುಟ್ಟಿದ ಹಾಗೆ ಸದ್ದು ಶುರುವಾಯಿತು. ಮೆಕ್ಯಾನಿಕ್ ಹೊಸ ಬೆಲ್ಟು ಹಾಕಿದ. ವಾರದಲ್ಲೇ ಗುಬ್ಬಿ ಮರಳಿತು. ಇನ್ನೊಂದು ಬೆಲ್ಟು ಬಂತು, ಅದೂ ಹಾಗೇ ಆಯಿತು. “ಬೆಲ್ಟಿಂದಲ್ಲಪ್ಪ, ಪುಲಿ ಸಾಲು ತಪ್ಯಾವ” ಎಂದೆ. “ಅದು ನಿಮಗ ತಿಳಿಯಂಗಿಲ್ರಿ ಅಕ್ಕೋರ” ಎಂದು ನಕ್ಕ. ಅವನಿಗೆ ಏನು ಹೇಳಲಿ? ಹದಿನೈದು ವರ್ಷ ಹೊಲಿಗೆ ಯಂತ್ರ ತುಳಿದ ಕಿವಿ ನನ್ನದು.

ಬೆಲ್ಟಿನ ಸದ್ದಿನಲ್ಲಿ ಎರಡು ಬಗೆ. ಸಡಿಲಾದ ಬೆಲ್ಟು ಆಕ್ಸಿಲರೇಟರ್ ಒತ್ತಿದಾಗ, ಲೈಟು ಹಾಕಿದಾಗ ‘ಕಿರ್ರ್’ ಎಂದು ಉದ್ದಕ್ಕೆ ಕಿರುಚುತ್ತದೆ. ಸಾಲು ತಪ್ಪಿದ ಬೆಲ್ಟು ಎಂಜಿನ್ ಮೆಲ್ಲಗೆ ತಿರುಗುವಾಗಲೂ ತಾಳ ಹಾಕಿದಂತೆ ‘ಚಿಂವ್ ಚಿಂವ್’ ಎನ್ನುತ್ತದೆ. ಅನುಮಾನವಿದ್ದರೆ, ಎಂಜಿನ್ ತಿರುಗುತ್ತಿರುವಾಗ ದೂರದಿಂದಲೇ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಬೇಕು. ಸದ್ದು ಹೆಚ್ಚಾದರೆ ಬೆಲ್ಟು ಸಡಿಲ. ಕ್ಷಣಕಾಲ ಅಡಗಿ ಮತ್ತೆ ಬಂದರೆ ಸಾಲು ತಪ್ಪಿದೆ. ಆಗ ಸೆರಗು, ಜಡೆ, ಬಳೆ ಎಲ್ಲ ಜೋಪಾನ, ತಿರುಗುವ ಬೆಲ್ಟು ಯಾರ ಮುಲಾಜನ್ನೂ ನೋಡುವುದಿಲ್ಲ.

ನಾನು ನೀರು ಚಿಮುಕಿಸಿದೆ. ಗುಬ್ಬಿ ಸುಮ್ಮನಾಯಿತು, ಮತ್ತೆ ಕೂಗಿತು. ಎಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಬೆಲ್ಟು ನೋಡಿದೆ. ಒಂದೇ ಅಂಚು ಎಳೆ ಬಿಟ್ಟಿತ್ತು. ಸುತ್ತಮುತ್ತ ಕಾಡಿಗೆಯಂಥ ಕರಿಪುಡಿ. ಹೊಲಿಗೆ ಡಬ್ಬಿಯಿಂದ ದಪ್ಪ ದಾರ ತಂದು ಕೆಳಗಿನ ಕ್ರ್ಯಾಂಕ್ ಪುಲಿಯ ಮುಖಕ್ಕೂ ಫ್ಯಾನಿನ ಪುಲಿಯ ಮುಖಕ್ಕೂ ತಾಗುವಂತೆ ಬಿಗಿಯಾಗಿ ಹಿಡಿದೆ, ಎರಡಕ್ಕೂ ಸಮವಾಗಿ ಕೂತಿತು. ಡೈನಮೋದ ಕಡೆಗೆ ಹಿಡಿದಾಗ ಅದರ ಪುಲಿ ದಾರವನ್ನು ಮುಂದಕ್ಕೆ ನೂಕಿತು. ಒಂದು ವಾಷರಿನ ದಪ್ಪದಷ್ಟು ಅಂತರ, ಅಷ್ಟೆ. (ಪುಲಿಗಳ ಅಂಚಿನ ದಪ್ಪ ಬೇರೆ ಬೇರೆಯಿದ್ದರೆ ಮುಖವನ್ನಲ್ಲ, ಗಾಡಿಗಳ ನಡುಭಾಗವನ್ನು ಹೋಲಿಸಬೇಕು.) ಆ ದಾರವನ್ನು ಮೆಕ್ಯಾನಿಕ್‌ನ ಕೈಗೇ ಕೊಟ್ಟು ಹಿಡಿಸಿದೆ. ಅವನು ಮಾತಾಡಲಿಲ್ಲ. ಡೈನಮೋ ಬಿಚ್ಚಿದಾಗ, ಬ್ರಾಕೆಟ್ಟಿನ ಹಿಂದೆ ಇರಬೇಕಾದ ವಾಷರ್ ಮುಂದೆ ಕೂತಿದ್ದು ಕಂಡಿತು. ಅದನ್ನು ಅದರ ಜಾಗಕ್ಕೆ ಹಾಕಿ, ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಾಗುವಷ್ಟು ಬಿಗಿ ಮಾಡಿದ. ಮೂರನೆಯ ಬೆಲ್ಟು ಎರಡು ಬೇಸಿಗೆ ಸದ್ದಿಲ್ಲದೆ ತಿರುಗಿತು.

ಇಸಾಮಿ ಹೆಣ್ಣನ್ನು ಚರಕದ ಮುಂದೆ ಕೂರಿಸಿದ್ದು ಅವಳಿಗೆ ಬೇರೇನೂ ಬಾರದೆಂದು. ಆದರೆ ಎರಡು ಗಾಲಿಗಳ ನಡುವಿನ ನಂಟನ್ನು ಅವಳು ಕಲಿತದ್ದು ಅಲ್ಲಿಯೇ. ಆ ಕಲಿಕೆಗೆ ನಾವು ವಿದ್ಯೆ ಎಂದು ಹೆಸರಿಡಲಿಲ್ಲ, ಅದಕ್ಕೇ ಗ್ಯಾರೇಜಿನಲ್ಲಿ ‘ನಿಮಗ ತಿಳಿಯಂಗಿಲ್ಲ’ ಎಂಬ ಮಾತು ಅಷ್ಟು ಸಲೀಸಾಗಿ ಬರುತ್ತದೆ. ಅಕ್ಕಂದಿರೇ, ನಿಮ್ಮ ಮನೆಯ ಹಳೆಯ ಗಾಡಿ ಕೂಗಿದರೆ ಹೊಸ ಬೆಲ್ಟಿಗೆ ದುಡ್ಡು ಎಣಿಸುವ ಮೊದಲು ಒಂದು ಮೊಳ ದಾರ ತನ್ನಿ. ಅದನ್ನು ಹಿಡಿದು ತೋರಿಸಿದ ಮೇಲೆ ಕೆಲಸ ಶುರು ಮಾಡು ಎಂದು ಹೇಳಿ.