ಮೌತ್‌ಗಾರ್ಡ್: ಆಟದ ಮೈದಾನದಲ್ಲಿ ಹಲ್ಲಿನ ರಕ್ಷಣೆ

ಆಟವಾಡುವಾಗ ಹಲ್ಲು, ಒಸಡು, ತುಟಿಗಳಿಗೆ ಪೆಟ್ಟಾಗದಂತೆ ಬಾಯೊಳಗೆ ತೊಡುವ ಮೆತ್ತನೆಯ ಪ್ಲಾಸ್ಟಿಕ್ ಕವಚವೇ ಮೌತ್‌ಗಾರ್ಡ್. ಬಾಕ್ಸರ್‌ಗಳು ಇದನ್ನು ಗಮ್‌ಶೀಲ್ಡ್ ಎನ್ನುವುದೂ ಉಂಟು. ಸಾಮಾನ್ಯವಾಗಿ ಇದನ್ನು ಮೇಲ್ದವಡೆಗೆ ಮಾತ್ರ ಹಾಕುತ್ತಾರೆ. ಆಟದ ಪೆಟ್ಟಿಗೆ ಅತಿ ಹೆಚ್ಚು ತುತ್ತಾಗುವುದು ಮೇಲ್ಸಾಲಿನ ನಡುವಿನ ಎರಡು ಬಾಚಿಹಲ್ಲುಗಳು. ಮೇಲಿನ ಹಲ್ಲು ಮುಂದಕ್ಕೆ ಚಾಚಿಕೊಂಡಿದ್ದು, ತುಟಿ ಅದನ್ನು ಪೂರ್ತಿ ಮುಚ್ಚದ ಮಕ್ಕಳಿಗಂತೂ ಅಪಾಯ ಇನ್ನೂ ಹೆಚ್ಚು.

2022ರ ಡಿಸೆಂಬರಿನಲ್ಲಿ ಲಂಕಾ ಪ್ರೀಮಿಯರ್ ಲೀಗ್ ಪಂದ್ಯವೊಂದರಲ್ಲಿ ಶ್ರೀಲಂಕಾದ ಆಲ್‌ರೌಂಡರ್ ಚಮಿಕ ಕರುಣರತ್ನೆ ಎತ್ತರಕ್ಕೆ ಹೋದ ಚೆಂಡನ್ನು ಹಿಡಿಯಲು ಓಡಿದರು. ಚೆಂಡು ನೇರವಾಗಿ ಬಾಯಿಗೆ ಬಡಿಯಿತು. ಕ್ಯಾಚ್ ಕೈಯಲ್ಲೇ ಉಳಿಯಿತು, ನಾಲ್ಕು ಹಲ್ಲು ಹೋದವು. ಬ್ಯಾಟರ್‌ಗೆ ಹೆಲ್ಮೆಟ್ ಇದೆ, ವಿಕೆಟ್ ಕೀಪರ್‌ಗೆ ಗ್ಲೌಸ್ ಇದೆ. ಬೌಂಡರಿ ಬಳಿ ನಿಂತ ಫೀಲ್ಡರ್‌ನ ಬಾಯಿಗೆ ಏನೂ ಇಲ್ಲ.

ಹಲ್ಲಿಗೂ ರಕ್ಷಣೆ ಬೇಕೆಂದು ಮೊದಲು ಅನ್ನಿಸಿದ್ದು ಬಾಕ್ಸಿಂಗ್ ಲೋಕಕ್ಕೆ. 1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರಾಸ್ ಎಂಬವರು ಮರದ ಹಾಲಿನಿಂದ ತಯಾರಾಗುವ ಗಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವಿನ ಪಟ್ಟಿಗಳನ್ನು ಬಾಕ್ಸರ್‌ಗಳ ಮುಂಬಲ್ಲಿನ ಮೇಲೆ ಅಂಟಿಸಿ ಅಖಾಡಕ್ಕೆ ಕಳಿಸುತ್ತಿದ್ದರು. ಸ್ವತಃ ಬಾಕ್ಸರ್ ಆಗಿದ್ದ ಅವರ ಮಗ ಫಿಲಿಪ್, ಅದನ್ನೇ ತಿದ್ದಿ ರಬ್ಬರಿನಲ್ಲಿ ತಯಾರಿಸಿದರು. ಫಿಲಿಪ್‌ನ ಗೆಳೆಯ, ಮುಂದೆ ವೆಲ್ಟರ್‌ವೇಟ್ ವಿಶ್ವ ಚಾಂಪಿಯನ್ ಆದ ಟೆಡ್ 'ಕಿಡ್' ಲೂಯಿಸ್, ಅದನ್ನು ತೊಟ್ಟು ಕಾದಿದ ಮೊದಲ ವೃತ್ತಿಪರ ಬಾಕ್ಸರ್‌ಗಳಲ್ಲೊಬ್ಬರು. ಎದುರಾಳಿ ಜ್ಯಾಕ್ ಬ್ರಿಟನ್‌ನ ಮ್ಯಾನೇಜರ್ ಇದು ನಿಯಮಬಾಹಿರ ಎಂದು ತಕರಾರು ತೆಗೆದದ್ದೂ ಉಂಟು. 1927ರಲ್ಲಿ ಜ್ಯಾಕ್ ಶಾರ್ಕಿ ಎದುರು ಬಹುಪಾಲು ಪಂದ್ಯದಲ್ಲಿ ಮೇಲುಗೈ ಸಾಧಿಸಿದ್ದ ಮೈಕ್ ಮೆಕ್‌ಟೀಗ್, ಮುರಿದ ಹಲ್ಲು ತನ್ನದೇ ತುಟಿಯನ್ನು ಸೀಳಿದ್ದರಿಂದ ಸೋತ ಮೇಲೆ ಆಕ್ಷೇಪಗಳು ಅಡಗಿದವು. ಆ ಬಳಿಕ ಗಮ್‌ಶೀಲ್ಡ್ ಇಲ್ಲದೆ ರಿಂಗ್‌ಗೆ ಇಳಿಯುವುದು ನಿಧಾನಕ್ಕೆ ನಿಂತೇಹೋಯಿತು. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್‌ನ ಏಟಿಗೆ ನೆಲಕ್ಕುರುಳಿದ ಮೈಕ್ ಟೈಸನ್, ಏಳುವ ಅವಸರದಲ್ಲೂ ನೆಲದ ಮೇಲೆ ತಡಕಾಡಿದ್ದು ಬಾಯಿಂದ ಜಾರಿ ಬಿದ್ದ ತನ್ನ ಗಮ್‌ಶೀಲ್ಡಿಗಾಗಿಯೇ.

ಈಗಿನ ಮೌತ್‌ಗಾರ್ಡ್‌ಗಳಲ್ಲಿ ಹೆಚ್ಚಿನವು ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನವು. ಬಿಸಿ ತಗುಲಿದರೆ ಮೆತ್ತಗಾಗಿ, ಆರಿದಾಗ ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ಪೆಟ್ಟು ಬಿದ್ದಾಗ ಅದರ ಬಲದಲ್ಲಿ ಒಂದು ಪಾಲನ್ನು ಈ ಕವಚ ಹೀರಿಕೊಳ್ಳುತ್ತದೆ, ಉಳಿದದ್ದನ್ನು ಒಂದೇ ಹಲ್ಲಿನ ಮೇಲೆ ಬೀಳಗೊಡದೆ ಇಡೀ ಸಾಲಿಗೆ ಹಂಚುತ್ತದೆ. ತುಟಿ, ಕೆನ್ನೆಗಳು ಹಲ್ಲಿಗೆ ಸಿಕ್ಕಿ ಹರಿಯುವುದು ತಪ್ಪುತ್ತದೆ. ಗಲ್ಲದ ಕೆಳಗಿನಿಂದ ಗುದ್ದು ಬಿದ್ದರೂ ಕೆಳಹಲ್ಲು ಮೇಲ್ಹಲ್ಲಿಗೆ ಬಡಿಯದಂತೆ ನಡುವೆ ಮೆತ್ತೆಯಾಗುತ್ತದೆ. ಸುಮಾರು 4 ಮಿಲಿಮೀಟರ್ ದಪ್ಪವಿದ್ದರೆ ರಕ್ಷಣೆ ಚೆನ್ನಾಗಿರುತ್ತದೆ. ಅದಕ್ಕಿಂತ ದಪ್ಪವಾದರೆ ಮಾತು, ಉಸಿರಾಟಕ್ಕೆ ತೊಡಕೇ ಹೊರತು ಲಾಭ ಅಷ್ಟಾಗಿ ಹೆಚ್ಚುವುದಿಲ್ಲ.

ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ. ಕೊಂಡ ತಕ್ಷಣ ಬಾಯಿಗಿಟ್ಟುಕೊಳ್ಳುವ ಸಿದ್ಧ ಮಾದರಿ ತೀರಾ ಅಗ್ಗ, ರಕ್ಷಣೆಯೂ ಅಷ್ಟಕ್ಕಷ್ಟೇ. ಅದು ಸಡಿಲ, ಬೀಳದಂತೆ ಸದಾ ಕಚ್ಚಿ ಹಿಡಿದಿರಬೇಕು. ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವುದು ಎರಡನೆಯ ಬಗೆ: ಬಿಸಿನೀರಲ್ಲಿ ಅದ್ದಿ, ಕಚ್ಚಿ, ನಾಲಿಗೆ ಮತ್ತು ಬೆರಳಿನಿಂದ ಒತ್ತಿ ಹಲ್ಲಿಗೆ ಹೊಂದಿಸಿಕೊಳ್ಳುವಂಥದ್ದು. ಜೋರಾಗಿ ಕಚ್ಚಿದರೆ ಹಲ್ಲು ಕೂರುವ ಜಾಗವೇ ತೆಳುವಾಗಿಬಿಡುತ್ತದೆ. ಮೂರನೆಯದು ದಂತವೈದ್ಯರು ಆಯಾ ಬಾಯಿಗೆಂದೇ ಮಾಡಿಕೊಡುವುದು. ಅವರು ಹಲ್ಲಿನ ಅಳತೆ ತೆಗೆದು, ಪ್ಲಾಸ್ಟರ್ ಅಚ್ಚು ಎರೆದು, ಕಾಯಿಸಿದ ಹಾಳೆಯನ್ನು ಯಂತ್ರದಲ್ಲಿ ಅದರ ಮೇಲೆ ಎಳೆದು ಕೂರಿಸುತ್ತಾರೆ. ಬಳಿಕ ತುಟಿಯ ಒಳಪೊರೆಗೆ ತಾಗದಂತೆ ಅಂಚನ್ನು ಕತ್ತರಿಸಿ ನಯ ಮಾಡುತ್ತಾರೆ. ಬಾಯಿ ತೆರೆದರೂ ಅದು ಬೀಳುವುದಿಲ್ಲ. ಸಹ ಆಟಗಾರರನ್ನು ಕೂಗಿ ಕರೆಯಬಹುದು, ನೀರು ಕುಡಿಯಬಹುದು. ಬೆಲೆ ಜಾಸ್ತಿ, ನಿಜ. ಆದರೆ ಒಂದು ಮುಂಬಲ್ಲು ಹೋದರೆ ಬೇರುನಾಳದ ಚಿಕಿತ್ಸೆ, ಕ್ಯಾಪ್, ಇಂಪ್ಲಾಂಟ್ ಎಂದು ಜೀವನಪೂರ್ತಿ ತಗಲುವ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮಕ್ಕಳಿಗೆ ಬೇರೆಯೇ ವಿನ್ಯಾಸ ಬೇಕು. ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತಿರುವ ವಯಸ್ಸಿನಲ್ಲಿ ಮೌತ್‌ಗಾರ್ಡನ್ನು ಆಗಾಗ ಬದಲಿಸಬೇಕಾಗುತ್ತದೆ.

ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ. ರಗ್ಬಿ ಅಲ್ಲಿನವರ ಉಸಿರು. 1990ರ ದಶಕದ ಕೊನೆಯ ಭಾಗದಲ್ಲಿ ಆ ದೇಶದ ರಗ್ಬಿಯಲ್ಲಿ ಮೌತ್‌ಗಾರ್ಡ್ ಕಡ್ಡಾಯವಾಯಿತು. ಅಪಘಾತ ಪರಿಹಾರ ನಿಗಮದ ದಾಖಲೆಗಳ ಪ್ರಕಾರ 1995ರಿಂದ 2003ರ ನಡುವೆ ರಗ್ಬಿಯಲ್ಲಾದ ಹಲ್ಲಿನ ಗಾಯಗಳ ಪರಿಹಾರ ಅರ್ಜಿಗಳು ಶೇ 43ರಷ್ಟು ಇಳಿದವು. ಅಮೆರಿಕದಲ್ಲಿ ಹೈಸ್ಕೂಲ್ ಮಟ್ಟದ ಅಮೆರಿಕನ್ ಫುಟ್‌ಬಾಲಿಗೆ 1962ರಲ್ಲೇ ಈ ನಿಯಮ ಬಂದಿತ್ತು. ನೆದರ್‌ಲೆಂಡ್ಸ್‌ನ ಹಾಕಿ ಸಂಸ್ಥೆಯೂ 2015ರಲ್ಲಿ ಅದೇ ದಾರಿ ಹಿಡಿಯಿತು. ಆಟಗಾರರಿಗೆ ಬರೀ ಸಲಹೆ ಕೊಟ್ಟಲ್ಲಿ ಕವಚ ಕಿಟ್‌ಬ್ಯಾಗಿನಲ್ಲೇ ಉಳಿಯುತ್ತದೆ, ನಿಯಮ ಮಾಡಿದಲ್ಲಿ ಬಾಯಿಗೆ ಬರುತ್ತದೆ.

ಹಾಕಿಯ ಮಾತು ಕರ್ನಾಟಕಕ್ಕೆ ಹತ್ತಿರದ್ದು. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ 360 ತಂಡಗಳು ಬಂದವು. ಒಂದೇ ಮನೆತನದ ಹಿರಿಯರು, ಹೆಂಗಸರು, ಮಕ್ಕಳು ಒಟ್ಟಿಗೆ ಆಡುವ ಹಬ್ಬವದು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ ಪ್ಲಾಸ್ಟಿಕ್. ಅದು ಸ್ಟಿಕ್ಕಿಗೆ ತಾಗಿ ಮೇಲೆದ್ದರೆ ಎದುರಿಗಿರುವುದು ಹತ್ತು ವರ್ಷದ ಹುಡುಗಿಯೋ ಅರವತ್ತರ ಅಜ್ಜನೋ ಎಂದು ನೋಡುವುದಿಲ್ಲ. ಇಂಥ ಕೂಟಗಳಲ್ಲಿ, ಶಾಲಾ ಹಾಕಿಯಲ್ಲಿ, ಮೊಣಕೈ ಮೊಣಕಾಲುಗಳು ಮುಖಕ್ಕೆ ಬಡಿಯುವ ಕಬಡ್ಡಿಯಲ್ಲಿ ಮೌತ್‌ಗಾರ್ಡ್ ರೂಢಿಗೆ ಬರಲೇಬೇಕು.

ತಲೆಗೆ ಬೀಳುವ ಪೆಟ್ಟಿನಿಂದ ಮಿದುಳಿಗಾಗುವ ಆಘಾತವನ್ನು ಇದು ತಡೆಯುತ್ತದೆಯೇ? ಐಸ್ ಹಾಕಿಯಲ್ಲಿ ಅನುಕೂಲವಿದೆ ಎಂದು 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ವರದಿ ಹೇಳುತ್ತದೆ. ಉಳಿದ ಆಟಗಳಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಸೆನ್ಸರ್ ಅಡಗಿಸಿದ ಮೌತ್‌ಗಾರ್ಡ್‌ಗಳು ಮಾತ್ರ ಉನ್ನತ ಮಟ್ಟದ ರಗ್ಬಿಗೆ ಬಂದಿವೆ. ತಲೆಗೆ ಬಿದ್ದ ಪೆಟ್ಟು ಮಿತಿ ಮೀರಿದರೆ ಅವು ಮೈದಾನದ ಬದಿಯಲ್ಲಿರುವ ವೈದ್ಯರಿಗೆ ತಕ್ಷಣ ಸೂಚನೆ ಕಳಿಸುತ್ತವೆ.

ಆಟ ಮುಗಿದ ಮೇಲೆ ಕವಚವನ್ನು ತಣ್ಣೀರಿನಲ್ಲಿ ತೊಳೆದು ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಬಿಸಿಲಲ್ಲಿ ಬಿಟ್ಟರೆ ಆಕಾರ ಕೆಡುತ್ತದೆ. ಇಷ್ಟಾಗಿಯೂ ಹಲ್ಲು ಬೇರುಸಮೇತ ಕಿತ್ತು ಬಂದರೆ ಪ್ರತಿ ನಿಮಿಷವೂ ಮುಖ್ಯ. ಬೇರನ್ನು ಮುಟ್ಟದೆ ಹಲ್ಲಿನ ಬಿಳಿಯ ಭಾಗವನ್ನು ಹಿಡಿದೆತ್ತಬೇಕು. ಮಣ್ಣಾಗಿದ್ದರೆ ಹಾಲಿನಲ್ಲಿ ಇಲ್ಲವೇ ತಣ್ಣೀರಿನಲ್ಲಿ ಒಮ್ಮೆ ತೊಳೆದರೆ ಸಾಕು, ಉಜ್ಜಬಾರದು. ಬಳಿಕ ಅದೇ ಕುಳಿಯಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ, ದಂತವೈದ್ಯರ ಬಳಿಗೆ ಓಡಬೇಕು. ಕೂರಿಸಲು ಧೈರ್ಯವಾಗದಿದ್ದರೆ ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ಒಯ್ಯಬೇಕು. ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಒಂದು ಗಂಟೆಯೊಳಗೆ ತಲುಪಿದರೆ ಹಲ್ಲು ಮತ್ತೆ ಬೇರೂರುವ ಸಾಧ್ಯತೆ ಹೆಚ್ಚು. ಹಾಲುಹಲ್ಲಾದರೆ ಮರಳಿ ಕೂರಿಸಲೇಬಾರದು. ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಅದರಿಂದ ಹಾನಿಯಾಗುತ್ತದೆ.