ಗವರ್ನರ್ ಲಂಪ್ಕಿನ್ ಮತ್ತು ಸೆರೆಯಲ್ಲಿದ್ದ ಇಬ್ಬರು ಮಿಷನರಿಗಳು

1831ರಿಂದ 1835ರ ವರೆಗೆ ಅಮೇರಿಕದ ಜಾರ್ಜಿಯ ರಾಜ್ಯದ ಗವರ್ನರರಾಗಿದ್ದ ವಿಲ್ಸನ್ ಲಂಪ್ಕಿನ್ ಬ್ಯಾಪ್ಟಿಸ್ಟ್ ಸಭೆಯವರು. ಇಬ್ಬರು ಮಿಷನರಿಗಳನ್ನು ಸೆರೆಯಲ್ಲಿಟ್ಟವರೆಂದೇ ಮಿಷನ್ ಚರಿತ್ರೆ ಅವರನ್ನು ನೆನೆಯುತ್ತದೆ. ಆದರೆ ಈ ವೃತ್ತಾಂತದಲ್ಲಿ ನಮ್ಮನ್ನು ಹೆಚ್ಚಾಗಿ ಕಾಡುವುದು ಆ ಮಿಷನರಿಗಳನ್ನು ಕಳುಹಿಸಿದ ಸಂಸ್ಥೆಯೇ ಅವರಿಗೆ ನೀಡಿದ ಸಲಹೆ.

1783ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದ ಲಂಪ್ಕಿನ್ ಬೆಳೆದದ್ದು ಜಾರ್ಜಿಯದಲ್ಲಿ. ಕಾಂಗ್ರೆಸ್ ಸದಸ್ಯರಾಗಿ ಅವರು ಮೂಲನಿವಾಸಿಗಳನ್ನು ಮಿಸ್ಸಿಸ್ಸಿಪ್ಪಿ ನದಿಯಾಚೆಗೆ ಸಾಗಿಸುವ 1830ರ ಕಾಯಿದೆಯನ್ನು ಬೆಂಬಲಿಸಿದರು. ಚೆರೋಕಿ ಜನರ ಉಳಿವಿಗೆ ಸ್ಥಳಾಂತರವೇ ದಾರಿಯೆಂದು ಅವರು ವಾದಿಸುತ್ತಿದ್ದರು. ಆ ಜನರ ನೆಲದಲ್ಲಿ ಚಿನ್ನ ದೊರೆತಿತ್ತೆಂಬುದನ್ನೂ ನಾವು ಮರೆಯಲಾಗದು.

ಚೆರೋಕಿ ಪ್ರದೇಶದಲ್ಲಿ ವಾಸಿಸುವ ಬಿಳಿಯರು ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಪರವಾನಗಿ ಪಡೆಯಬೇಕೆಂದು ಜಾರ್ಜಿಯ 1830ರ ಡಿಸೆಂಬರಿನಲ್ಲಿ ಶಾಸನ ಮಾಡಿತು. ಮತ್ತಾಯನ ಸುವಾರ್ತೆಯನ್ನು ಚೆರೋಕಿ ಭಾಷೆಗೆ ತರುವುದರಲ್ಲಿ ಶ್ರಮಿಸಿದ್ದ ಸ್ಯಾಮ್ಯುಯೆಲ್ ವುಸ್ಟರ್ ಅವರೂ ವೈದ್ಯ ಮಿಷನರಿ ಎಲೈಜರ್ ಬಟ್ಲರ್ ಅವರೂ ಒಪ್ಪಲಿಲ್ಲ. ಪ್ರಮಾಣ ಮಾಡಿದರೆ ಚೆರೋಕಿಯರ ನೆಲ ಜಾರ್ಜಿಯದ್ದೆಂದು ಒಪ್ಪಿದಂತಾಗುತ್ತಿತ್ತು. 1831ರ ಸೆಪ್ಟೆಂಬರಿನಲ್ಲಿ 11 ಮಂದಿಗೆ ನಾಲ್ಕು ವರ್ಷಗಳ ಕಠಿಣ ಸಜೆಯಾಯಿತು. ಒಂಬತ್ತು ಮಂದಿ ಕ್ಷಮಾದಾನ ಸ್ವೀಕರಿಸಿದರು. ಈ ಇಬ್ಬರು ಮಿಲೆಡ್ಜ್‌ವಿಲ್ ಸೆರೆಮನೆಯನ್ನು ಆರಿಸಿಕೊಂಡರು.

1832ರ ಮಾರ್ಚ್ 3ರಂದು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಅವರು ಚೆರೋಕಿ ನೆಲದಲ್ಲಿ ಜಾರ್ಜಿಯದ ಶಾಸನಕ್ಕೆ ಬಲವಿಲ್ಲವೆಂದು ತೀರ್ಪಿತ್ತರು. ಅಷ್ಟರಲ್ಲಿ ಗವರ್ನರರಾಗಿದ್ದ ಲಂಪ್ಕಿನ್ ಅದನ್ನು ಮನ್ನಿಸಲಿಲ್ಲ. ಅದೇ ವರ್ಷ ಚೆರೋಕಿ ನೆಲವನ್ನು ಲಾಟರಿಯಲ್ಲಿ ಹಂಚಲಾಯಿತು. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ವಿಧೇಯತೆಗಾಗಿ ಮಾತ್ರ ಉದಾಹರಿಸುವವರು ಇಲ್ಲಿ ತುಸು ನಿಲ್ಲಬೇಕು. ಮೇಲಧಿಕಾರಕ್ಕೆ ಅವಿಧೇಯರಾದವರು ಸೆರೆಯೊಳಗಿದ್ದರೋ, ಗವರ್ನರರ ಪೀಠದಲ್ಲಿದ್ದರೋ?

ಅಷ್ಟರಲ್ಲಿ ದಕ್ಷಿಣ ಕ್ಯಾರೊಲೈನ ಒಕ್ಕೂಟದ ಸುಂಕದ ಕಾಯಿದೆಗಳನ್ನು ತಿರಸ್ಕರಿಸಿತು. ಜಾರ್ಜಿಯವೂ ಅದರೊಡನೆ ಸೇರೀತೆಂಬ ಭೀತಿ ಹುಟ್ಟಿತು. 1813ರಲ್ಲಿ ಮುಂಬಯಿಯಲ್ಲಿಯೂ ಸೇವೆ ಆರಂಭಿಸಿದ್ದ ಅಮೇರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆ, ವ್ಯಾಜ್ಯವನ್ನು ಮುಂದುವರಿಸುವುದು ಉಚಿತವಲ್ಲವೆಂದು ತನ್ನ ಸೆರೆಯಾಳುಗಳಿಗೆ ತಿಳಿಸಿತು. ಅವರು ಗವರ್ನರರಿಗೆ ಬರೆದರು. ಮೊದಲನೆಯ ಪತ್ರದ ಧಾಟಿಗೆ ಲಂಪ್ಕಿನ್ ಅಸಮಾಧಾನಗೊಂಡುದರಿಂದ, ಅಗೌರವ ತೋರುವ ಉದ್ದೇಶವಿರಲಿಲ್ಲವೆಂದು ಇನ್ನೊಂದನ್ನೂ ಬರೆಯಬೇಕಾಯಿತು. 1833ರ ಜನವರಿ 14ರಂದು ಬಿಡುಗಡೆಯಾಯಿತು. ಒಕ್ಕೂಟದ ಶಾಂತಿಯನ್ನು ಬಯಸಿದ ಬೋರ್ಡಿನ ವಿವೇಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಶಾಂತಿಯ ಬೆಲೆಯನ್ನು ತೆತ್ತವರು ಅದರ ಸಭೆಯಲ್ಲಿ ಕುಳಿತಿರಲಿಲ್ಲ.

1835ರ ಡಿಸೆಂಬರಿನಲ್ಲಿ ಚೆರೋಕಿಯರ ಒಂದು ಸಣ್ಣ ಪಂಗಡ ಮಾತ್ರ ಒಪ್ಪಿದ ಒಡಂಬಡಿಕೆಗೆ ಸಹಿ ಬಿತ್ತು. ಅದನ್ನು ಜಾರಿಗೊಳಿಸುವ ಕಮಿಷನರುಗಳಲ್ಲಿ ಲಂಪ್ಕಿನ್ ಒಬ್ಬರಾದರು. 1837ರಲ್ಲಿ ಸೆನೆಟ್ ಸೇರಿದರು. 1838ರಲ್ಲಿ ಸೈನ್ಯ ಆ ಜನರನ್ನು ಹೊರಡಿಸಿತು. ಬಟ್ಲರ್ ಅವರು ಆ ದಾರಿಯಲ್ಲಿ ಜೊತೆಗೆ ನಡೆದರು. ಸತ್ತವರು ಸುಮಾರು 4,000 ಎಂಬ ಅಂದಾಜು ಅವರದೇ. ಮೊದಲೇ ಪಶ್ಚಿಮಕ್ಕೆ ಹೋಗಿದ್ದ ವುಸ್ಟರ್ ಅವರು 1859ರಲ್ಲಿ ತೀರಿಕೊಳ್ಳುವ ತನಕ ಚೆರೋಕಿಯರ ನಡುವೆಯೇ ಸೇವೆಯಲ್ಲಿದ್ದರು. ಲಂಪ್ಕಿನ್ 1870ರ ವರೆಗೆ ಬದುಕಿದ್ದರು; ತಾವು ಮಾಡಿದ್ದು ಸರಿಯೆಂದೇ ಬರೆದಿಟ್ಟು ಹೋದರು. ಜಾರ್ಜಿಯ ರಾಜ್ಯವು ಆ ಇಬ್ಬರು ಮಿಷನರಿಗಳಿಗೆ ಮರಣೋತ್ತರ ಕ್ಷಮಾದಾನ ನೀಡಿದ್ದು 1992ರಲ್ಲಿ.