ಕ್ಲಚ್ ಹೊಸದು, ಗೇರು ಬಿಗಿ: ತಪ್ಪು ಗೇರ್‌ಬಾಕ್ಸ್‌ನದೇ?

ಕಾರಿಗೆ ಹೊಸ ಕ್ಲಚ್ ಸೆಟ್ ಹಾಕಿಸಿರುತ್ತೀರಿ. ಇಲ್ಲವೇ ಆಸೆಪಟ್ಟು ಶಾರ್ಟ್ ಶಿಫ್ಟರ್, ಹಗುರ ಫ್ಲೈವೀಲ್, ಗಟ್ಟಿ ಎಂಜಿನ್ ಮೌಂಟ್‌ನಂಥ ಹೊರಗಿನ ಭಾಗಗಳನ್ನು ಕೂರಿಸಿರುತ್ತೀರಿ. ಗ್ಯಾರೇಜಿನಿಂದ ಮನೆಗೆ ಬರುವಷ್ಟರಲ್ಲಿ ಗೇರು ಮೊದಲಿನಂತೆ ಬೀಳುತ್ತಿಲ್ಲ ಎಂದು ಗೊತ್ತಾಗುತ್ತದೆ. ಒಂದರಿಂದ ಎರಡಕ್ಕೆ ಎಳೆದರೆ ನಡುವೆ ಏನೋ ತಡೆಯುತ್ತದೆ, ಆಮೇಲೆ ‘ಕಟಕ್’ ಎಂದು ಒಳಗೆ ಹೋಗುತ್ತದೆ. ರಿವರ್ಸ್ ಹಾಕಿದರೆ ‘ಕರ್ರ್’. ಕೇಳಿದರೆ ಒಬ್ಬರು, “ಹೊಸದಲ್ವಾ, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ” ಅನ್ನುತ್ತಾರೆ. ಇನ್ನೊಬ್ಬರು, “ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಬೇಕು” ಅನ್ನುತ್ತಾರೆ. ಮೂರನೆಯವರು ಸಿಕ್ಕರೆ, “ದಪ್ಪ ಆಯಿಲ್ ಹಾಕ್ಸಿ ನೋಡಿ” ಎಂಬ ಸಲಹೆ ಬರುತ್ತದೆ.

ಮೊದಲೆರಡು ಮಾತು ಕೆಲವೊಮ್ಮೆ ನಿಜವಾಗಬಹುದು. ಆದರೆ ನಿನ್ನೆಯವರೆಗೆ ಸರಿಯಾಗಿದ್ದ ಗೇರ್‌ಬಾಕ್ಸ್, ಅದರ ಹೊರಗಿನ ಯಾವುದೋ ಭಾಗ ಬದಲಾಯಿಸಿದ ದಿನವೇ ಒಳಗಿನಿಂದ ಸವೆದುಹೋಗುವುದು ಅಪರೂಪದ ಕಾಕತಾಳೀಯ. ಹುಡುಕಾಟ ಶುರುವಾಗಬೇಕಾದದ್ದು ಬದಲಾದ ಜಾಗದಿಂದ. ಗೇರ್‌ಬಾಕ್ಸ್ ಇಳಿಸಿ ಬಿಚ್ಚುವುದು ಖರ್ಚಿನ ಕೆಲಸ. ಅದಕ್ಕೂ ಮೊದಲು ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆಗಳಿವೆ.

ಲಿವರ್ ಎಳೆದಾಗ ಒಳಗೆ ನಡೆಯುವುದೇನು?

ಇಂದಿನ ಕಾರುಗಳಲ್ಲಿ ಮುಂದಕ್ಕೆ ಓಡಿಸುವ ಗೇರುಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ನಾವು ಲಿವರ್‌ನಿಂದ ಸರಿಸುವುದು ಗೇರನ್ನಲ್ಲ, ಸ್ಲೀವ್ ಎಂಬ ಬಳೆಯಾಕಾರದ ಭಾಗವನ್ನು. ಆಯ್ದ ಗೇರನ್ನು ಶಾಫ್ಟಿಗೆ ಬಿಗಿಯುವುದು ಅದರ ಕೆಲಸ. ಎರಡರ ವೇಗವೂ ಒಂದೇ ಆಗುವವರೆಗೆ ಅದು ಒಳಗೆ ಹೋಗಬಾರದು, ಹೋದರೆ ಹಲ್ಲು ಕರೆಯುತ್ತದೆ. ವೇಗವನ್ನು ಸಮ ಮಾಡಲೆಂದೇ ಹೆಚ್ಚಾಗಿ ಹಿತ್ತಾಳೆಯಲ್ಲಿ ಮಾಡಿದ ಸಿಂಕ್ರೊನೈಸರ್ ರಿಂಗ್ ಇರುತ್ತದೆ. ಅದು ಗೇರಿನ ಶಂಕುವಿನಾಕಾರದ ಮೈಗೆ ಒತ್ತಿಕೊಂಡು, ಬ್ರೇಕಿನಂತೆ ತಿಕ್ಕಿ, ವೇಗ ಸರಿಹೊಂದುವ ತನಕ ಸ್ಲೀವನ್ನು ತಡೆದು ನಿಲ್ಲಿಸುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್ ರೂಪಿಸಿದ ಈ ವ್ಯವಸ್ಥೆ 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅದಕ್ಕೂ ಮೊದಲು ಪ್ರತಿ ಗೇರಿಗೂ ಎರಡು ಸಲ ಕ್ಲಚ್ ಒತ್ತಿ, ಎಂಜಿನ್ ವೇಗವನ್ನು ಕಿವಿಯಿಂದಲೇ ಅಳೆದು ಓಡಿಸಬೇಕಿತ್ತು.

ಈ ರಿಂಗಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಒಂದನೇ ಗೇರಿನ ಅನುಪಾತ 3.5, ಎರಡನೆಯದರದು 1.9 ಎಂದಿಟ್ಟುಕೊಳ್ಳಿ. 3,500 ಆರ್‌ಪಿಎಂನಲ್ಲಿ ಗೇರು ಬದಲಿಸಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ 1,900ಕ್ಕೆ ಇಳಿಯಬೇಕು. ಆ 1,600 ಸುತ್ತುಗಳ ವ್ಯತ್ಯಾಸವನ್ನು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ರಿಂಗು ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗಿಸಬೇಕು. ಕ್ಲಚ್ ಪ್ಲೇಟ್ ಕೂಡ ಇನ್‌ಪುಟ್ ಶಾಫ್ಟಿಗೇ ಕಚ್ಚಿಕೊಂಡಿರುವುದರಿಂದ ಅದನ್ನೂ ನಿಧಾನಿಸಬೇಕು.

ಹಾಗಾಗಿ ನಿಮ್ಮ ಅಂಗೈಗೆ ತಾಗುವ ಆ ಕ್ಷಣದ ತಡೆ ಸಿಂಕ್ರೊ ತನ್ನ ಕೆಲಸ ಮಾಡುತ್ತಿರುವುದರ ಗುರುತು. ಆ ಕೆಲಸವನ್ನು ಕಷ್ಟ ಮಾಡುವ ಯಾವುದೇ ಬದಲಾವಣೆ ನೇರವಾಗಿ ಕೈಗೆ ಗೊತ್ತಾಗುತ್ತದೆ.

ಮೊದಲ ಅನುಮಾನ: ಕ್ಲಚ್ ಪೂರ್ತಿ ಬಿಡುತ್ತಿಲ್ಲ

ಪೆಡಲ್ ತಳದವರೆಗೆ ಒತ್ತಿದರೂ ಕ್ಲಚ್ ಪ್ಲೇಟ್ ಒಂದಿಷ್ಟು ಉಜ್ಜುತ್ತಲೇ ಇದ್ದರೆ, ಒಂದು ಕಡೆ ಸಿಂಕ್ರೊ ಶಾಫ್ಟನ್ನು ನಿಧಾನಿಸುತ್ತಿರುತ್ತದೆ, ಇನ್ನೊಂದು ಕಡೆ ಎಂಜಿನ್ ಅದನ್ನೇ ತಿರುಗಿಸುತ್ತಿರುತ್ತದೆ. ಈ ಹಗ್ಗಜಗ್ಗಾಟದಲ್ಲಿ ಸವೆಯುವುದು ಮಾತ್ರ ಹಿತ್ತಾಳೆಯ ರಿಂಗು. ಕ್ಲಚ್ ಬದಲಾಯಿಸಿದ ಮೇಲೆ ಬರುವ ಬಿಗಿತಕ್ಕೆ ನಾವು ಮೊದಲು ಅನುಮಾನಿಸುವುದು ಇದನ್ನೇ. “ಓಡಿಸ್ತಾ ಸರಿಹೋಗುತ್ತೆ” ಎಂಬ ಮಾತು ಅಪಾಯಕಾರಿ ಆಗುವುದೂ ಇಲ್ಲೇ. ಹೊರಗಿನ ಸಣ್ಣ ತೊಂದರೆ ಹಾಗೇ ಓಡಿಸಿದರೆ ಕೆಲವೇ ತಿಂಗಳಲ್ಲಿ ನಿಜವಾದ ಗೇರ್‌ಬಾಕ್ಸ್ ತೊಂದರೆಯಾಗಬಹುದು.

ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಯಾವುದಾದರೂ ಒಂದು ಬೀಳದಿದ್ದರೆ ಗಾಬರಿ ಬೇಡ, ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ, ಕಾರನ್ನು ಒಂದಿಷ್ಟು ತಳ್ಳಿ ಮತ್ತೆ ಹಾಕಿ. ಈಗ ಎಂಜಿನ್ ಶುರುಮಾಡಿ ಅದನ್ನೇ ಮಾಡಿ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದ ಗೇರು ಆನ್ ಆದಾಗ ಬಿಗಿಯಾದರೆ ಕ್ಲಚ್ ಕಡೆ ನೋಡಬೇಕು. ಎರಡೂ ಸಲ ಒಂದೇ ರೀತಿ ಬಿಗಿಯಾದರೆ ಲಿವರ್, ಕೇಬಲ್, ಬುಷ್‌ಗಳ ಕಡೆ.

ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿಯಿದೆ. ಎಂಜಿನ್ ಐಡಲ್‌ನಲ್ಲಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿ. ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ. ಅಷ್ಟು ಹೊತ್ತಿಗೆ ಶಾಫ್ಟ್ ತಾನಾಗಿ ನಿಂತಿರಬೇಕು. ಆಗಲೂ ‘ಕರ್ರ್’ ಎಂದರೆ ಶಾಫ್ಟನ್ನು ಏನೋ ತಿರುಗಿಸುತ್ತಲೇ ಇದೆ ಎಂದರ್ಥ. ಸಮತಟ್ಟಾದ ಖಾಲಿ ಜಾಗದಲ್ಲಿ ಒಂದನೇ ಗೇರು ಹಾಕಿ, ಕ್ಲಚ್ ಒತ್ತಿಯೇ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಕಾರು ಮುಂದಕ್ಕೆ ತೆವಳಿದರೆ ಅದೂ ಇದನ್ನೇ ಹೇಳುತ್ತದೆ. ಈ ಪರೀಕ್ಷೆ ಮಾಡುವಾಗ ಕಾರಿನ ಎದುರು ಯಾರೂ, ಏನೂ ಇರಬಾರದು. ಹೀಗೆ ತೆವಳುವ ಕಾರನ್ನು ಟ್ರಾಫಿಕ್‌ಗೆ ಒಯ್ಯಬೇಡಿ.

ಕಾರಣ ಅನೇಕ ಸಲ ತೀರ ಸಾಮಾನ್ಯ. ಕ್ಲಚ್ ಕೇಬಲ್ ಇರುವ ಕಾರಾದರೆ ಹೊಸ ಪ್ಲೇಟಿಗೆ ತಕ್ಕಂತೆ ಅದನ್ನು ಸರಿಹೊಂದಿಸಿಲ್ಲದಿರಬಹುದು. ಹೈಡ್ರಾಲಿಕ್ ಆದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಎರಡು ಮೂರು ಸಲ ಪೆಡಲ್ ತುಳಿದಾಗ ಗೇರು ಸಲೀಸಾದರೆ ಗಾಳಿಯದೇ ಕೆಲಸ ಎನ್ನಬಹುದು. ಇದರಲ್ಲಿ ಬಳಸುವುದು ಬ್ರೇಕ್ ಫ್ಲೂಯಿಡ್, ಎಷ್ಟೋ ಕಾರುಗಳಲ್ಲಿ ಬ್ರೇಕಿನ ಡಬ್ಬಿಯಿಂದಲೇ ಕ್ಲಚ್ಚಿಗೂ ಹೋಗುತ್ತದೆ. ಅದರ ಮಟ್ಟ ಇಳಿಯುತ್ತಿದ್ದರೆ ಗೇರಿನ ಚಿಂತೆ ಬಿಟ್ಟು ಮೊದಲು ಸೋರಿಕೆ ಹುಡುಕಿಸಿ.

ನಮ್ಮ ಮನೆಯ ಹಳೆಯ ಕಾರಿನಲ್ಲಿ ಆದದ್ದಂತೂ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಕ್ಲಚ್ ಹಾಕಿಸಿದ ವಾರವೇ ದಪ್ಪನೆಯ ಹೊಸ ಮ್ಯಾಟ್ ಕೂಡ ಹಾಸಿದ್ದೆವು. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸುವ ಅಂದಾಜು ಪಟ್ಟಿಯನ್ನೂ ಕೊಟ್ಟಾಗಿತ್ತು. ಮ್ಯಾಟ್ ತೆಗೆದು ಪಕ್ಕಕ್ಕಿಟ್ಟ ಮೇಲೆ ಪೆಡಲ್ ಇನ್ನೊಂದು ಬೆರಳಿನಷ್ಟು ಕೆಳಗೆ ಹೋಯಿತು, ಗೇರು ಬಿತ್ತು. ಆದ್ದರಿಂದ ಮೊದಲು ಮ್ಯಾಟ್ ತೆಗೆದು ನೋಡಿ.

ಇವೆಲ್ಲ ಸರಿಯಿದ್ದರೂ ತೊಂದರೆ ಉಳಿದರೆ ಜೋಡಣೆಯನ್ನು ಅನುಮಾನಿಸಬೇಕು. ಗೇರ್‌ಬಾಕ್ಸ್ ಕೂರಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ನೇತುಬೀಳಲು ಬಿಟ್ಟರೆ ಪ್ಲೇಟ್ ಬಾಗುತ್ತದೆ. ಬಾಗಿದ ಪ್ಲೇಟ್ ಎಂದಿಗೂ ಪೂರ್ತಿ ಬಿಡುವುದಿಲ್ಲ. ಶಾಫ್ಟಿನ ಗೀರುಗಳ ಮೇಲೆ ಪ್ಲೇಟ್ ಸಲೀಸಾಗಿ ಜಾರದಿರುವುದು, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿಡುವ ಡೋವೆಲ್ ಪಿನ್ ಬಿಟ್ಟುಹೋಗಿರುವುದು, ಹಿಂದಿನ ಚಕ್ರ ಓಡಿಸುವ ವಾಹನಗಳಲ್ಲಿ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಹಿಡಿದುಕೊಂಡಿರುವುದು ಇವೂ ಇದೇ ಲಕ್ಷಣ ತೋರಿಸುತ್ತವೆ. ಇವುಗಳಿಗೆ ಗೇರ್‌ಬಾಕ್ಸ್ ಮತ್ತೆ ಇಳಿಸಲೇಬೇಕು. ಆದರೆ ಇಳಿಸುವುದಕ್ಕೂ ಬಿಚ್ಚುವುದಕ್ಕೂ ವ್ಯತ್ಯಾಸವಿದೆ, ಬಿಲ್ಲಿನಲ್ಲೂ ಇರಬೇಕು.

ಹೆಚ್ಚು ಶಕ್ತಿಗೆಂದು ಹಾಕುವ ಹೆವಿ ಡ್ಯೂಟಿ ಕ್ಲಚ್‌ನಲ್ಲಿ ತಪ್ಪು ಜೋಡಣೆ ಇಲ್ಲದೆಯೂ ಗೇರು ಬಿಗಿಯಾಗಬಹುದು. ಪ್ಲೇಟ್ ಭಾರವಾದಷ್ಟೂ ಸಿಂಕ್ರೊ ನಿಧಾನಿಸಬೇಕಾದ ಹೊರೆ ಹೆಚ್ಚುತ್ತದೆ. ಆ ಭಾರ ಅಂಚಿನಲ್ಲಿದ್ದರೆ ಪರಿಣಾಮ ಇನ್ನೂ ಜೋರು, ಏಕೆಂದರೆ ಜಡತ್ವ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಗುರ ಫ್ಲೈವೀಲ್ ಹಾಕಿದರೆ ಗೇರು ಮೃದುವಾಗುತ್ತದೆ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ಕ್ಲಚ್ ಒತ್ತಿದಾಗ ಫ್ಲೈವೀಲ್ ಎಂಜಿನ್ ಕಡೆ ಉಳಿಯುತ್ತದೆ, ಅದರ ಭಾರ ಸಿಂಕ್ರೊಗೆ ಗೊತ್ತೇ ಆಗುವುದಿಲ್ಲ. ಎಂಜಿನ್ ವೇಗ ಬೇಗ ಇಳಿಯುವುದರಿಂದ ನಿಮ್ಮ ಕೈಕಾಲಿನ ಹಳೆಯ ಲಯ ತಪ್ಪುತ್ತದೆ ಅಷ್ಟೆ.

ಎಣ್ಣೆ: ಜಾರಿದಷ್ಟೂ ಒಳ್ಳೆಯದಲ್ಲ

ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಕ್ಲಚ್ ಬದಲಾಯಿಸಲು ಡ್ರೈವ್‌ಶಾಫ್ಟ್ ಎಳೆಯಬೇಕಾಗುತ್ತದೆ. ಆಗ ಗೇರ್ ಆಯಿಲ್ ಹೊರಬರುತ್ತದೆ, ಕೊನೆಯಲ್ಲಿ ಬೇರೆ ಎಣ್ಣೆ ತುಂಬುತ್ತಾರೆ. ಅಂದರೆ ನೀವು ಬದಲಾಯಿಸಲು ಹೇಳಿದ್ದು ಕ್ಲಚ್, ಜೊತೆಗೆ ಬದಲಾದದ್ದು ಎಣ್ಣೆ. ಯಾವುದು ತುಂಬಿದರು ಎಂದು ಎಷ್ಟು ಜನ ಕೇಳುತ್ತಾರೆ?

ಎಣ್ಣೆ ಎಂದರೆ ಜಾರಿಸಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಸಿಂಕ್ರೊ ಬದುಕಿರುವುದೇ ಘರ್ಷಣೆಯ ಮೇಲೆ. ಎಣ್ಣೆ ದಪ್ಪವಾದರೆ ರಿಂಗಿಗೂ ಶಂಕುವಿಗೂ ನಡುವಿನ ಪದರ ಬೇಗ ಸರಿಯುವುದಿಲ್ಲ. ತೀರ ಜಾರುವಂಥದ್ದಾದರೆ ರಿಂಗಿಗೆ ಹಿಡಿತವೇ ಸಿಗುವುದಿಲ್ಲ. ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತುಗಳನ್ನು ಪರೀಕ್ಷೆಯ ಅಂಕದಂತೆ ಓದಬಾರದು. ಜಿಎಲ್-5 ಮುಖ್ಯವಾಗಿ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆಂದು ರೂಪುಗೊಂಡದ್ದು. ಅಲ್ಲಿನ ಭಾರೀ ಒತ್ತಡ ತಡೆಯಲು ಅದರಲ್ಲಿ ಗಂಧಕ, ರಂಜಕ ಆಧಾರಿತ ರಾಸಾಯನಿಕಗಳು ಜಿಎಲ್-4ರ ಸರಿಸುಮಾರು ಎರಡು ಪಟ್ಟು ಇರುತ್ತವೆ. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಅದನ್ನು ತುಂಬಿದರೆ ಗೇರು ಕಚ್ಚಿ ಕಚ್ಚಿ ಬೀಳಬಹುದು, ಕೆಲವು ಬಗೆಯ ಎಣ್ಣೆ ಹಿತ್ತಾಳೆಯನ್ನೂ ತಿನ್ನಬಹುದು. ಜಿಎಲ್-5 ಬೇಡುವ ಗೇರ್‌ಬಾಕ್ಸ್‌ಗಳೂ ಇವೆ. ಹಾಗಾಗಿ ಅಂಗಡಿಯವರ ಮಾತಿಗಿಂತ ಕಾರಿನ ಜೊತೆ ಬಂದ ಕೈಪಿಡಿ ದೊಡ್ಡದು. ಅದರಲ್ಲಿ 75ಡಬ್ಲ್ಯು-80 ಎಂದಿದ್ದರೆ ಅದನ್ನೇ ಹಾಕಿಸಿ.

ಎಣ್ಣೆಯ ತೊಂದರೆಗೆ ಸಮಯದ ಗುರುತಿದೆ. ಬೆಳಗಿನ ಚಳಿಯಲ್ಲಿ ಬಿಗಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಸಲೀಸು ಎಂದರೆ ಎಣ್ಣೆ ದಪ್ಪವಿದೆ. ಬೆಳಗ್ಗೆ ಸರಿಯಿದ್ದು ಸಂಜೆಯ ಟ್ರಾಫಿಕ್‌ನಲ್ಲಿ ಬಿಗಿಯಾದರೆ ಮತ್ತೆ ಕ್ಲಚ್ ಕಡೆ ಬನ್ನಿ.

ಶಾರ್ಟ್ ಶಿಫ್ಟರ್ ಹಾಕಿಸಿದವರಿಗೆ

ಇಲ್ಲಿ ತಪ್ಪು ಯಾರದೂ ಅಲ್ಲ, ಸನ್ನೆಕೋಲಿನ ನಿಯಮದ್ದು. ಲಿವರ್ ಸರಿಯುವ ದೂರವನ್ನು ಶೇ. 30ರಷ್ಟು ಕಡಿಮೆ ಮಾಡಿದರೆ ಬೇಕಾಗುವ ಬಲ ಸುಮಾರು 1.4 ಪಟ್ಟಾಗುತ್ತದೆ. ಗಿಡ್ಡ ಲಿವರ್ ಕೊಡುವ ಹುರುಪಿನಲ್ಲಿ ಸರಕ್ಕನೆ ಎಳೆದರೆ ಸಿಂಕ್ರೊಗೆ ಸಮಯವೂ ಕಡಿಮೆ. ರಬ್ಬರ್ ಬುಷ್ ತೆಗೆದು ಲೋಹದ್ದು ಹಾಕಿದರೆ, ಮೊದಲಿನಿಂದಲೂ ಇದ್ದ ಕಟಕಟ ಈಗ ನಡುವೆ ಮೆತ್ತೆಯಿಲ್ಲದೆ ಕೈಗೆ ಬರುತ್ತದೆ. ಇದನ್ನು ಕಾಯಿಲೆ ಎನ್ನಲಾಗದು, ಇಷ್ಟವಾಗದಿದ್ದರೆ ಹಳೆಯದನ್ನೇ ಹಾಕಿಸಿಕೊಳ್ಳಬಹುದು. ಆದರೆ ಎಂಜಿನ್ ಮೌಂಟ್ ಬದಲಾಯಿಸಿದ ಮೇಲೆ ಕೆಲವೇ ಗೇರುಗಳು ಸಿಗದಂತಾದರೆ ಎಂಜಿನ್ ಕೂತಿರುವ ಜಾಗ ತುಸು ಸರಿದು ಕೇಬಲ್ ಅಥವಾ ರಾಡಿನ ಅಳತೆ ತಪ್ಪಿರುತ್ತದೆ. ಅದನ್ನು ಸರಿಹೊಂದಿಸಿದರೆ ಸಾಕು.

ಬೈಕಿನ ಲೆಕ್ಕ ಬೇರೆ. ಅಲ್ಲಿ ಸಿಂಕ್ರೊ ಇಲ್ಲ, ಸಣ್ಣ ‘ಟಕ್’ ಸಹಜ. ಹೊಸ ಚೈನ್ ಸ್ಪ್ರಾಕೆಟ್ ಹಾಕಿಸಿದ ಮೇಲೆ ಗೇರು ಬಿಗಿಯಾದರೆ ಚೈನನ್ನು ತೀರ ಎಳೆದು ಕಟ್ಟಿದ್ದಾರೆಯೇ ನೋಡಿ.

ನಿಜಕ್ಕೂ ಗೇರ್‌ಬಾಕ್ಸ್ ಬಿಚ್ಚಬೇಕಾದದ್ದು ಯಾವಾಗ?

ಒಂದೇ ಗೇರು, ಹೆಚ್ಚಾಗಿ ಎರಡು ಅಥವಾ ಮೂರು, ಓಡುವಾಗ ಕರೆಯುತ್ತಿದ್ದರೆ, ಉಳಿದವೆಲ್ಲ ಸರಿಯಿದ್ದರೆ. ಆಗ ಹಳೆಯ ಕಾಲದವರಂತೆ ಮಾಡಿ ನೋಡಿ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಕೆಳಗಿನ ಗೇರಿಗೆ ಹೋಗುವುದಾದರೆ ಸ್ವಲ್ಪ ಆಕ್ಸಿಲರೇಟರ್ ಕೊಡಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಿ. ಹೀಗೆ ಸಲೀಸಾಗಿ ಬಿದ್ದು, ಮಾಮೂಲಿನಂತೆ ಹಾಕಿದಾಗ ಮಾತ್ರ ಕರೆದರೆ ಆ ಗೇರಿನ ಸಿಂಕ್ರೊ ಸವೆದಿದೆ. ಹಾಕಿದ ಗೇರು ತಾನಾಗಿ ಹೊರಬಿದ್ದರೆ, ಹೊರಹಾಕಿದ ಎಣ್ಣೆಯಲ್ಲಿ ಲೋಹದ ಚೂರು ಕಂಡರೆ ಪರೀಕ್ಷೆ ಮಾಡುತ್ತ ಕೂರಬೇಡಿ, ಬಿಚ್ಚಿಸಿ.

ಗ್ಯಾರೇಜಿಗೆ ಹೋದಾಗ “ಗೇರ್ ಟೈಟ್” ಎಂದಷ್ಟೇ ಹೇಳಬೇಡಿ. ಆ ಒಂದು ಮಾತಿನೊಳಗೆ ಮೇಲಿನ ಎಲ್ಲ ತೊಂದರೆಗಳೂ ಅಡಗಿವೆ, ಕೇಳಿಸಿಕೊಂಡವರು ತಮಗೆ ತೋಚಿದ್ದನ್ನು ಆರಿಸಿಕೊಳ್ಳುತ್ತಾರೆ. ಯಾವ ಗೇರು, ಎಂಜಿನ್ ಆಫ್ ಇದ್ದಾಗ ಹೇಗೆ, ತಣ್ಣಗಿದ್ದಾಗ ಹೇಗೆ, ಪೆಡಲ್ ಎರಡು ಸಲ ತುಳಿದರೆ ಏನಾಗುತ್ತದೆ, ಕೊನೆಯ ಸಲ ಯಾವ ಎಣ್ಣೆ ತುಂಬಿದ್ದು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಮ್ಯಾಟ್ ಮನೆಯಲ್ಲೇ ಇರಲಿ.